ಕುಡಿಯಲು ನೀರಿದೆ, ಹೋಗಲು ಜಾಗವಿಲ್ಲ

ಬೇಸಿಗೆ ಬಂತೆಂದರೆ ಎಲ್ಲ ಪತ್ರಿಕೆಗಳಲ್ಲೂ ಒಂದೇ ಬುದ್ಧಿಮಾತು: ದಿನಕ್ಕೆ ಎಂಟು ಲೋಟ ನೀರು ಕುಡಿಯಿರಿ. ಈ ಪುಟಗಳಲ್ಲೂ ನೀವದನ್ನು ಓದಿರುತ್ತೀರಿ. ನನ್ನ ಚಿಕಿತ್ಸಾಲಯಕ್ಕೆ ಬರುವ ಹೆಣ್ಣುಮಕ್ಕಳಲ್ಲಿ ನೀರಿನ ಮಹತ್ವ ಗೊತ್ತಿಲ್ಲದವರು ಬಹಳ ಕಡಿಮೆ. ಗೊತ್ತಿದ್ದೂ ಅವರು ಕುಡಿಯುವುದಿಲ್ಲ. ಉರಿಮೂತ್ರ, ಕಿಬ್ಬೊಟ್ಟೆ ನೋವು, ಮಲಬದ್ಧತೆ, ಮಧ್ಯಾಹ್ನವಾದರೆ ತಲೆಸಿಡಿತ ಎಂದು ಬರುತ್ತಾರೆ. ‘ಬೆಳಗಿನಿಂದ ಎಷ್ಟು ನೀರು ಕುಡಿದಿರಿ?’ ಎಂದರೆ ಒಂದು ಲೋಟ ಎನ್ನುತ್ತಾರೆ, ಅದೂ ಚಹಾ ಸೇರಿಸಿ. ಯಾಕೆ ಎಂದು ಬಿಡದೆ ಕೇಳಿದಾಗ ಬರುವ ಉತ್ತರ ಇದು: ‘ಕುಡದ್ರ ಹೋಗಬೇಕಾಗ್ತದಲ್ರೀ ಆಪಾ, ಎಲ್ಲಿ ಹೋಗ್ಲಿ?’

ಈ ಪ್ರಶ್ನೆಗೆ ನನ್ನ ಬಳಿ ಔಷಧವಿಲ್ಲ. ಇದರ ಉತ್ತರ ಇರುವುದು ನಿಮ್ಮ ಮನೆಯಲ್ಲಿ, ನಿಮ್ಮ ಮಕ್ಕಳ ಶಾಲೆಯಲ್ಲಿ, ನಿಮ್ಮ ಮೊಹಲ್ಲಾದ ಮಸೀದಿ ಕಮಿಟಿಯಲ್ಲಿ. ಆದ್ದರಿಂದ ಈ ಸಲ ಸಹೋದರಿಯರಿಗಿಂತ ಸಹೋದರರೇ ಇದನ್ನು ಹೆಚ್ಚು ಗಮನವಿಟ್ಟು ಓದಬೇಕೆಂದು ನನ್ನ ವಿನಂತಿ.

ಯಾರೆಲ್ಲ ನೀರು ಬಿಡುತ್ತಾರೆ, ನೋಡಿ. ಹೈಸ್ಕೂಲಿಗೆ ಹೋಗುವ ಹುಡುಗಿ ಬೆಳಗ್ಗೆ ಎಂಟಕ್ಕೆ ಮನೆ ಬಿಡುತ್ತಾಳೆ, ಸಂಜೆ ಐದಕ್ಕೆ ಬರುತ್ತಾಳೆ. ತಾಯಿ ತುಂಬಿಸಿಕೊಟ್ಟ ಬಾಟಲಿ ತುಂಬಿದಂತೆಯೇ ಮರಳುತ್ತದೆ. ಶಾಲೆಯ ಶೌಚಾಲಯಕ್ಕೆ ಬಾಗಿಲಿದ್ದರೆ ಚಿಲಕವಿಲ್ಲ, ಚಿಲಕವಿದ್ದರೆ ನೀರಿಲ್ಲ. ಮುಟ್ಟಿನ ದಿನಗಳಲ್ಲಿ ಅವಳ ಪಾಡು ಕೇಳುವುದೇ ಬೇಡ. ಬಸ್ಸಿನಲ್ಲಿ ದೂರದೂರಿಗೆ ಹೊರಟ ಹೆಂಗಸು ಹಿಂದಿನ ರಾತ್ರಿಯಿಂದಲೇ ನೀರು ಬಿಡುತ್ತಾಳೆ. ಸಂತೆಯಲ್ಲಿ ಬಳೆ, ತರಕಾರಿ ಮಾರುವವಳು ಸೂರ್ಯ ಮುಳುಗುವವರೆಗೆ ಗಂಟಲು ಒದ್ದೆ ಮಾಡಿಕೊಂಡರೆ ಹೆಚ್ಚು. ಮದುವೆ ಹಾಲ್‌ಗಳಲ್ಲಿ ನೂರಾರು ಹೆಂಗಸರಿಗೆ ಒಂದೋ ಎರಡೋ ಶೌಚಾಲಯ. ನೆಲವೆಲ್ಲ ಒದ್ದೆ, ಬುರ್ಖಾ ತೆಗೆದು ತೂಗುಹಾಕಲು ಗೋಡೆಯಲ್ಲಿ ಒಂದು ಮೊಳೆಯೂ ಇರುವುದಿಲ್ಲ. ನಜಾಸತ್ ತಗುಲಿದ ಬಟ್ಟೆಯಲ್ಲಿ ನಮಾಝ್ ಹೇಗೆ ಎಂಬ ಚಿಂತೆ ಬೇರೆ. ಬಿರಿಯಾನಿ ತಿನ್ನುತ್ತಾರೆ, ನೀರಿನ ಲೋಟವನ್ನು ಪಕ್ಕಕ್ಕೆ ಸರಿಸುತ್ತಾರೆ.

ಮನೆಯೊಳಗೂ ಇದೇ ಕಥೆ ಇದೆ. ನಮ್ಮ ಹಳೆಯ ಮೊಹಲ್ಲಾಗಳ ಸಣ್ಣ ಮನೆಗಳಲ್ಲಿ ಶೌಚಾಲಯ ಹೆಚ್ಚಾಗಿ ಮುಂಬಾಗಿಲ ಪಕ್ಕದಲ್ಲೋ ಅಂಗಳದಲ್ಲೋ ಇರುತ್ತದೆ. ಗಂಡಸರು, ಅವರ ಗೆಳೆಯರು ಮುಂದಿನ ಕೋಣೆಯಲ್ಲಿ ಕುಳಿತಿದ್ದರೆ ಹೊಸ ಸೊಸೆ ಅವರ ಎದುರು ಹಾದು ಹೋಗುವುದಿಲ್ಲ. ಅವರು ಏಳುವವರೆಗೆ ತಡೆದುಕೊಳ್ಳುತ್ತಾಳೆ. ಎರಡು ತಿಂಗಳಲ್ಲಿ ತಡೆದುಕೊಳ್ಳುವುದಕ್ಕಿಂತ ಕುಡಿಯದಿರುವುದೇ ಸುಲಭ ಎಂದು ಕಲಿತುಬಿಡುತ್ತಾಳೆ. ಯಾರೂ ಅವಳಿಗೆ ನೀರು ಕುಡಿಯಬೇಡ ಎಂದು ಹೇಳಿರುವುದಿಲ್ಲ.

ನಮ್ಮ ಯುನಾನಿ ವೈದ್ಯದಲ್ಲಿ ಆರೋಗ್ಯಕ್ಕೆ ಆರು ಅನಿವಾರ್ಯ ಸಂಗತಿಗಳನ್ನು ಎಣಿಸುತ್ತಾರೆ. ಅಸ್ಬಾಬೆ ಸಿತ್ತಾ ಝರೂರಿಯ್ಯಾ ಎಂದು ಅದರ ಹೆಸರು. ಗಾಳಿ, ಅನ್ನಪಾನ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ರೆ ಮತ್ತು ಎಚ್ಚರ. ಆರನೆಯದು ಇಹ್ತಿಬಾಸ್ ಮತ್ತು ಇಸ್ತಿಫ್ರಾಗ್, ಅಂದರೆ ದೇಹ ಹಿಡಿದಿಟ್ಟುಕೊಳ್ಳಬೇಕಾದದ್ದು ಮತ್ತು ಹೊರಹಾಕಬೇಕಾದದ್ದು. ಕಾಲೇಜಿನ ಮೊದಲ ವರ್ಷದಲ್ಲಿ ಇದನ್ನು ಬಾಯಿಪಾಠ ಮಾಡಿಸುತ್ತಾರೆ. ಕುಡಿಯುವುದನ್ನೂ ವಿಸರ್ಜಿಸುವುದನ್ನೂ ಹಿಂದಿನ ಹಕೀಮರು ಒಂದೇ ಪಟ್ಟಿಯಲ್ಲಿ, ಸಮಾನ ತೂಕದಲ್ಲಿ ಇಟ್ಟಿದ್ದಾರೆ. ನಾವು ಮಾತ್ರ ಮೊದಲನೆಯದನ್ನು ಸಭೆಯಲ್ಲಿ ಹೇಳುತ್ತೇವೆ, ಎರಡನೆಯದಕ್ಕೆ ನಾಚುತ್ತೇವೆ.

ತಡೆದುಕೊಂಡರೆ ಆಗುವುದೇನು? ಹೆಣ್ಣಿನ ಮೂತ್ರನಾಳ ಬಹಳ ಚಿಕ್ಕದು, ಸುಮಾರು 4 ಸೆಂಟಿಮೀಟರ್. ಮಲದ್ವಾರದ ಸುತ್ತ ಇರುವ ರೋಗಾಣುಗಳಿಗೆ ಮೂತ್ರಕೋಶ ದೂರವೇನಲ್ಲ. ಆಗಾಗ ಮೂತ್ರ ಹೋಗುತ್ತಿದ್ದರೆ ಅದೇ ಅವುಗಳನ್ನು ತೊಳೆದು ಹೊರಹಾಕುತ್ತದೆ. ಬೆಳಗಿನಿಂದ ಸಂಜೆಯವರೆಗೆ ಗಟ್ಟಿಯಾದ, ಸ್ವಲ್ಪವೇ ಮೂತ್ರ ಅಲ್ಲೇ ನಿಂತರೆ ಅವು ಅಲ್ಲೇ ಬೆಳೆಯುತ್ತವೆ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನು ಅಳೆದು ನೋಡಿತು. ಪದೇ ಪದೇ ಮೂತ್ರದ ಸೋಂಕಾಗುತ್ತಿದ್ದ, ನೀರು ಕಡಿಮೆ ಕುಡಿಯುತ್ತಿದ್ದ 140 ಮಹಿಳೆಯರಲ್ಲಿ ಅರ್ಧದಷ್ಟು ಮಂದಿಗೆ ದಿನಕ್ಕೆ ಒಂದೂವರೆ ಲೀಟರ್ ನೀರು ಹೆಚ್ಚಿಗೆ ಕುಡಿಯಲು ಹೇಳಿದರು. ಒಂದು ವರ್ಷದಲ್ಲಿ ಅವರಿಗೆ ಸರಾಸರಿ 1.7 ಬಾರಿ ಸೋಂಕಾಯಿತು; ಎಂದಿನಂತೆ ಕುಡಿದವರಿಗೆ 3.2 ಬಾರಿ. ಅದಕ್ಕೆ ಹಣ ಕೊಟ್ಟದ್ದು ಬಾಟಲಿ ನೀರು ಮಾರುವ ಕಂಪೆನಿ ಎಂಬುದನ್ನೂ ಹೇಳಿಬಿಡುತ್ತೇನೆ. ಆದರೆ ನಲ್ಲಿಯ ನೀರನ್ನು ಕುದಿಸಿ ಆರಿಸಿ ಕುಡಿದರೂ ಮೂತ್ರಕೋಶ ಬೇಸರ ಮಾಡಿಕೊಳ್ಳುವುದಿಲ್ಲ.

ಗರ್ಭಿಣಿಯರಲ್ಲಿ ಈ ಸೋಂಕು ಮೂತ್ರಪಿಂಡಕ್ಕೆ ಏರಬಹುದು, ಅವಧಿಗೆ ಮುನ್ನ ಹೆರಿಗೆಗೂ ಕಾರಣವಾಗಬಹುದು. ಕಲ್ಲಿನ ತೊಂದರೆ ಇರುವವರದು ಇನ್ನೊಂದು ಬಗೆ. ವಿಜಯಪುರ, ಕಲಬುರಗಿ ಕಡೆಯ ಬಿಸಿಲಿನಲ್ಲಿ ದುಡಿಯುವ ಗಂಡಸರೂ ಕಲ್ಲು ಎಂದು ಬರುತ್ತಾರೆ, ಬಂದವರು ಹಜ್ರುಲ್ ಯಹೂದ್ ಕೇಳುತ್ತಾರೆ, ನೆಗ್ಗಿಲಮುಳ್ಳಿನ ಕಷಾಯ ಕೇಳುತ್ತಾರೆ. ಕೊಡುವವರಿಗೆ ಕೊಡುತ್ತೇನೆ. ಆದರೆ ಒಮ್ಮೆ ಕಲ್ಲಾದವರ ಮೂತ್ರವೇ ದಿನಕ್ಕೆ ಎರಡೂವರೆ ಲೀಟರಿನಷ್ಟು ಹೋಗಬೇಕು. ಅಷ್ಟು ಹೋಗಲು ಮೂರು ಲೀಟರಿನಷ್ಟಾದರೂ ಒಳಗೆ ಹೋಗಬೇಕು. ಒಣ ಹೊಟ್ಟೆಗೆ ಮಾಜೂನ್ ನೆಕ್ಕಿ ಕಲ್ಲು ಕರಗಿಸಿಕೊಂಡವರನ್ನು ನಾನು ಕಂಡಿಲ್ಲ.

ಹಾಗಾದರೆ ಎಷ್ಟು ಕುಡಿಯಬೇಕು? ಎಂಟು ಲೋಟ ಎಂಬುದು ಶಾಸ್ತ್ರವಾಕ್ಯವೇನಲ್ಲ. 1945ರಲ್ಲಿ ಅಮೆರಿಕದ ಆಹಾರ ಮಂಡಳಿಯೊಂದು ದಿನಕ್ಕೆ ಎರಡೂವರೆ ಲೀಟರ್ ನೀರು ಬೇಕು ಎಂದು ಹೇಳಿತ್ತು. ಅದರಲ್ಲಿ ಹೆಚ್ಚಿನದು ಊಟದಲ್ಲೇ ಇರುತ್ತದೆ ಎಂಬ ಮುಂದಿನ ವಾಕ್ಯವನ್ನು ಜನ ಮರೆತರು. ಸಾರು, ಮಜ್ಜಿಗೆ, ಗಂಜಿ, ಕಲ್ಲಂಗಡಿ, ಚಹಾ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ನಮ್ಮ ಬೇಸಿಗೆಯಲ್ಲಿ ಮನೆಯಲ್ಲಿರುವ ಹೆಂಗಸಿಗೆ ಸುಮಾರು ಎರಡು ಲೀಟರ್ ಕುಡಿಯುವ ನೀರು ಸಾಕು. ಬಿಸಿಲಲ್ಲಿ ಓಡಾಡುವವರಿಗೆ, ಒಲೆಯ ಮುಂದೆ ನಿಲ್ಲುವವರಿಗೆ, ಎದೆಹಾಲು ಕುಡಿಸುವವರಿಗೆ ಹೆಚ್ಚು ಬೇಕು. ಲೋಟ ಎಣಿಸುವುದಕ್ಕಿಂತ ಮೂತ್ರದ ಬಣ್ಣ ನೋಡುವುದು ಮೇಲು. ಹಕೀಮರು ಕಾರೂರಾ ಎಂಬ ಗಾಜಿನ ಸೀಸೆಯಲ್ಲಿ ಮೂತ್ರ ಹಿಡಿದು ಬಣ್ಣ, ಪ್ರಮಾಣ, ನೊರೆ, ವಾಸನೆ, ಗಸಿ ನೋಡುತ್ತಿದ್ದರು. ನಿಮಗೆ ಬಣ್ಣವೊಂದು ಸಾಕು. ಒಣಹುಲ್ಲಿನಂತೆ ತಿಳಿಹಳದಿ ಇದ್ದರೆ ಸರಿ, ಸಾಸಿವೆ ಎಣ್ಣೆಯಂತೆ ಗಾಢವಾಗಿದ್ದರೆ ನೀರು ಸಾಲದು. ಮೂರು ನಾಲ್ಕು ಗಂಟೆಗೊಮ್ಮೆಯಾದರೂ ಹೋಗುವಂತಿರಬೇಕು. ಬಿ-ಕಾಂಪ್ಲೆಕ್ಸ್ ಮಾತ್ರೆ ತಿನ್ನುವವರಿಗೆ ಬಣ್ಣ ಹೇಗೂ ಹಳದಿಯೇ, ಗಾಬರಿ ಬೇಡ. ಕುಳಿತು, ನಿಧಾನವಾಗಿ, ಮೂರು ಉಸಿರಿನಲ್ಲಿ ಕುಡಿಯುವ ಸುನ್ನತ್ ನಿಮಗೆ ಗೊತ್ತೇ ಇದೆ. ಒಂದೇ ಸಲ ಲೀಟರುಗಟ್ಟಲೆ ಸುರಿದುಕೊಳ್ಳುವುದು ಯಾರಿಗೂ ಒಳ್ಳೆಯದಲ್ಲ. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಯಿಂದ ಕಾಲು ಊದುವವರು ತಮ್ಮ ವೈದ್ಯರು ಹೇಳಿದ ಅಳತೆಯನ್ನು ಮೀರಬಾರದು.

ಇನ್ನೊಂದು ಕಾರಣವನ್ನು ಧಾರ್ಮಿಕ ಮನಸ್ಸಿನವರೇ ಹೇಳುತ್ತಾರೆ: ವುಝೂ ಉಳಿಯಲಿ ಎಂದು ಕುಡಿಯುವುದಿಲ್ಲ. ಅಸರ್‌ನ ವುಝೂವಿನಲ್ಲೇ ಇಶಾ ಮುಗಿಸಬೇಕು, ತಣ್ಣೀರಿನಲ್ಲಿ ಮತ್ತೆ ಕಾಲು ತೊಳೆದರೆ ಮಂಡಿ ಹಿಡಿಯುತ್ತದೆ ಎಂಬ ಹಿರಿಯರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಒತ್ತಡ ತಡೆದುಕೊಂಡು ನಮಾಝ್‌ಗೆ ನಿಲ್ಲುವುದನ್ನು ಪ್ರವಾದಿವರ್ಯರು(ಸ) ತಡೆದಿದ್ದಾರೆ. ಅವರು ವುಝೂ ಮಾಡುತ್ತಿದ್ದುದು ಒಂದು ಮುದ್ದ್ ನೀರಿನಲ್ಲಿ. ಇಂದಿನ ಅಳತೆಯಲ್ಲಿ ಸುಮಾರು ಮುಕ್ಕಾಲು ಲೀಟರ್. ಮನೆಯ ಹಿರಿಯರಿಗೆ ಅಷ್ಟು ನೀರು ಬಿಸಿ ಮಾಡಿಕೊಡುವುದು ದೊಡ್ಡ ಕೆಲಸವಲ್ಲ. ಕೆಮ್ಮಿದರೆ, ನಕ್ಕರೆ ಮೂತ್ರ ಜಿನುಗುತ್ತದೆ ಎಂದು ನೀರು ಬಿಟ್ಟ ತಾಯಂದಿರೂ ಇದ್ದಾರೆ. ಅದಕ್ಕೆ ವ್ಯಾಯಾಮವಿದೆ, ಚಿಕಿತ್ಸೆಯಿದೆ. ಮಗನಿಗೆ ಹೇಳಲಾಗದಿದ್ದರೆ ಸೊಸೆಗೆ ಹೇಳಿ, ವೈದ್ಯೆಯ ಬಳಿ ಬನ್ನಿ.

ಈಗ ಸಮುದಾಯದ ವಿಷಯ. ನೀರು ಕುಡಿಸುವುದರಲ್ಲಿ ನಮ್ಮಷ್ಟು ಉತ್ಸಾಹ ಯಾರಿಗಿದೆ! ತೀರಿಹೋದ ತಾಯಿಯ ಹೆಸರಿನಲ್ಲಿ ಯಾವ ದಾನ ಉತ್ತಮ ಎಂದು ಸಅದ್ ಬಿನ್ ಉಬಾದಾ(ರ) ಕೇಳಿದಾಗ ಪ್ರವಾದಿವರ್ಯರು(ಸ) ನೀರು ಎಂದರು, ಅವರು ಬಾವಿ ತೋಡಿಸಿದರು. ವಿಜಯಪುರದ ತಾಜ್ ಬಾವಡಿ, ಚಾಂದ್ ಬಾವಡಿಗಳು ಆದಿಲ್ ಶಾಹಿ ರಾಣಿಯರ ಹೆಸರಿನವು. ಇಂದಿಗೂ ಏಪ್ರಿಲ್ ಬಂದರೆ ಚೌಕಚೌಕದಲ್ಲಿ ಸಬೀಲ್ ಇಡುತ್ತೇವೆ, ಹಳ್ಳಿಯ ಕಡೆ ಅರವಟಿಗೆ ಎನ್ನುವುದು ಇದನ್ನೇ. ಮಣ್ಣಿನ ಮಡಕೆ, ಒದ್ದೆ ಬಟ್ಟೆ, ಕೆಲವೆಡೆ ತಂಪು ಯಂತ್ರ, ಮೇಲೆ ದಾನಿಯ ಹೆಸರಿನ ಫಲಕ. ಅಲ್ಲಿ ನಿಂತು ಹತ್ತು ನಿಮಿಷ ನೋಡಿ: ಕುಡಿಯುವವರು ಬಹುಪಾಲು ಗಂಡಸರು. ಹೆಂಗಸರು ಮಗುವಿಗೆ ಕುಡಿಸಿ ಮುಂದೆ ನಡೆಯುತ್ತಾರೆ.

ನನ್ನ ಅಭಿಪ್ರಾಯದಲ್ಲಿ ಮುಂದಿನ ಐದು ವರ್ಷ ಹೊಸ ಸಬೀಲ್‌ಗಿಂತ ಹೆಂಗಸರ ಶೌಚಾಲಯಕ್ಕೆ ಹಣ ಕೊಡುವುದು ಹೆಚ್ಚು ಪುಣ್ಯದ ಕೆಲಸ. ಫಲಕದ ಮೇಲೆ ತಂದೆಯ ಹೆಸರು ಬರೆಸಲು ಮುಜುಗರವಾದರೆ ಹೆಸರಿಲ್ಲದೆಯೇ ಕೊಡಿ. ಹೆದ್ದಾರಿಯ ಬದಿಯ, ಮಾರುಕಟ್ಟೆಯ ಮಸೀದಿಗಳಲ್ಲಿ ನೀರಿದೆ, ಗಟಾರವಿದೆ, ಗುಡಿಸುವ ಸಿಬ್ಬಂದಿಯಿದ್ದಾರೆ. ಹಿಂಬದಿಯಲ್ಲಿ ಪ್ರತ್ಯೇಕ ಬಾಗಿಲಿಟ್ಟು ಎರಡು ಶೌಚಾಲಯ ಕಟ್ಟಿದರೆ ದಾರಿಹೋಕ ಹೆಂಗಸರಿಗೆ, ಯಾವ ಧರ್ಮದವರಾದರೂ ಸರಿ, ಎಷ್ಟು ನೆಮ್ಮದಿ! ಕೆಲವು ಊರುಗಳಲ್ಲಿ ಇದು ಈಗಾಗಲೇ ಆಗಿದೆ. ‘ಹೆಂಗಸರು ಬಂದರೆ ಗದ್ದಲ’ ಎನ್ನುವ ಕಮಿಟಿಯವರು ತಮ್ಮ ತಾಯಿಯನ್ನು ಕರೆದುಕೊಂಡು ಒಮ್ಮೆ ಬಸ್ಸಿನಲ್ಲಿ ಹೋಗಿಬರಲಿ.

ಶಾಲೆಗಳ ವಿಷಯದಲ್ಲಿ 2019ರಲ್ಲಿ ಒಳ್ಳೆಯದೊಂದು ಸುದ್ದಿ ಬಂತು. ಕೇರಳದ ಶಾಲೆಗಳಲ್ಲಿ ಮಕ್ಕಳಿಗೆ ನೀರು ಕುಡಿಯಲೆಂದೇ ಗಂಟೆ ಬಾರಿಸುವ ಪದ್ಧತಿಯನ್ನು ನೋಡಿ ನಮ್ಮ ರಾಜ್ಯದಲ್ಲೂ ಅದನ್ನು ತರಲು ಹೊರಟರು. ಗಂಟೆ ಬಾರಿಸುವುದು ಸುಲಭ. ಹುಡುಗಿಯರ ಶೌಚಾಲಯದ ಬೀಗದ ಕೈ ಯಾರ ಬಳಿ ಇದೆ ಎಂದು ಯಾರೂ ಕೇಳಲಿಲ್ಲ. ಎಷ್ಟೋ ಕಡೆ ಅದು ಸ್ಟಾಫ್ ರೂಮಿನ ಮೊಳೆಗೆ ನೇತಾಡುತ್ತಿರುತ್ತದೆ, ಗಂಡು ಮೇಷ್ಟ್ರ ಬಳಿ ಹೋಗಿ ಕೇಳಲು ಹದಿಮೂರರ ಹುಡುಗಿ ಸಿದ್ಧಳಿಲ್ಲ. ಪೋಷಕರ ಸಭೆಗೆ ಹೋದಾಗ ಅಂಕಪಟ್ಟಿ ನೋಡುವ ಮೊದಲು ಆ ಶೌಚಾಲಯವನ್ನು ನೋಡಿ. ನಾವೇ ನಡೆಸುವ ಮದ್ರಸ, ಶಾಲೆಗಳಲ್ಲಂತೂ ಇದಕ್ಕೆ ಸರಕಾರವನ್ನು ದೂರುವಂತಿಲ್ಲ. ಚಿಲಕ, ಬಕೆಟ್, ಮಗ್, ಗೋಡೆಗೊಂದು ಗೂಟ, ಮುಚ್ಚಳವಿರುವ ಕಸದ ಡಬ್ಬ. ಇಷ್ಟಕ್ಕೆ ಒಂದು ವಾರ್ಷಿಕೋತ್ಸವದ ಶಾಮಿಯಾನದ ಬಾಡಿಗೆಯೂ ತಗಲುವುದಿಲ್ಲ.

ಮನೆಯಲ್ಲಿ ಮಾಡಬೇಕಾದದ್ದು ಇನ್ನೂ ಚಿಕ್ಕದು. ಗೆಳೆಯರು ಬಂದಾಗ ಗಂಟೆಗೊಮ್ಮೆ ಅವರನ್ನು ಹೊರಗೆ ಕರೆದುಕೊಂಡು ಹೋಗಿ, ಇಲ್ಲವೇ ನಡುವೆ ಒಂದು ಪರದೆ ಕಟ್ಟಿ. ಪ್ರಯಾಣಕ್ಕೆ ಹೊರಟರೆ ದಾರಿಯಲ್ಲಿ ಎಲ್ಲಿ ನಿಲ್ಲಿಸಬಹುದು ಎಂದು ಮೊದಲೇ ವಿಚಾರಿಸಿ. ಹೆಂಡತಿ ಬಾಯಿಬಿಟ್ಟು ಕೇಳುವವರೆಗೆ ಕಾಯಬೇಡಿ. ರಮಝಾನಿನಲ್ಲಿ ಇಫ್ತಾರ್ ಹೊತ್ತಿಗೆ ಎಲ್ಲರಿಗೂ ಶರಬತ್ತು ಹಂಚಿ ತಾನು ಕೊನೆಯಲ್ಲಿ ಒಂದು ಗುಟುಕು ಕುಡಿದು ಮತ್ತೆ ಎಣ್ಣೆಯ ಬಾಣಲೆಗೆ ಮರಳುವವಳು ತರಾವೀಹ್ ಮುಗಿದ ಮೇಲೆಯೂ ಪಾತ್ರೆ ತೊಳೆಯುತ್ತಿರುತ್ತಾಳೆ. ಇಫ್ತಾರಿನಿಂದ ಸಹರಿಯವರೆಗೆ ಗಂಟೆಗೊಂದು ಲೋಟದಂತೆ ಅವಳ ಕೈಗೆ ನೀರು ಕೊಡುವ ಕೆಲಸವನ್ನು ಮಕ್ಕಳಿಗೆ ಒಪ್ಪಿಸಿ. ಎಲ್ಲವನ್ನೂ ಸಹರಿಯ ಕೊನೆಯ ಐದು ನಿಮಿಷದಲ್ಲಿ ಕುಡಿದರೆ ಬೆಳಗಾಗುವುದರೊಳಗೆ ಹೊರಹೋಗಿರುತ್ತದೆ.

ಈಗಾಗಲೇ ಉರಿ ಶುರುವಾದವರಿಗೆ ಒಂದು ಮಾತು. ಜವೆಗೋಧಿಯ ನೀರು, ಸೌತೆಬೀಜದ ಶರಬತ್ತು ಹಿತ ಕೊಡುತ್ತವೆ, ಅವನ್ನು ನಾನೂ ಬರೆದುಕೊಡುತ್ತೇನೆ. ಆದರೆ ಜ್ವರ, ನಡುಕ, ಬೆನ್ನಿನ ಪಕ್ಕೆಯಲ್ಲಿ ನೋವು, ಮೂತ್ರದಲ್ಲಿ ರಕ್ತ ಇವುಗಳಲ್ಲಿ ಯಾವುದಿದ್ದರೂ ಶರಬತ್ತಿಗೆ ಕಾಯದೆ ಅದೇ ದಿನ ಆಸ್ಪತ್ರೆಗೆ ಹೋಗಿ ಮೂತ್ರ ಪರೀಕ್ಷೆ ಮಾಡಿಸಿ. ಗರ್ಭಿಣಿಯರು ಬರೀ ಉರಿಯಿದ್ದರೂ ಮಾಡಿಸಬೇಕು. ಬಾಯಾರಿಕೆ ತಣಿಯದೆ ರಾತ್ರಿ ನಾಲ್ಕೈದು ಸಲ ಏಳುವವರು ಸಕ್ಕರೆ ಪರೀಕ್ಷೆ ಮಾಡಿಸಿಕೊಳ್ಳಲಿ.

ಈ ತಿಂಗಳು ಮಗಳ ಮದುವೆಗೆ ಹಾಲ್ ಗೊತ್ತುಮಾಡಲು ಹೊರಟವರು ಅಡುಗೆಮನೆ, ಪಾರ್ಕಿಂಗ್ ನೋಡುವಾಗ ಮನೆಯ ಹೆಂಗಸರಲ್ಲಿ ಒಬ್ಬರನ್ನು ಜೊತೆಗೆ ಕರೆದೊಯ್ಯಿರಿ. ಅವರ ಕಡೆಯ ಶೌಚಾಲಯ ಎಷ್ಟಿವೆ, ನಲ್ಲಿಯಲ್ಲಿ ನೀರು ಬರುತ್ತದೆಯೇ, ಬಾಗಿಲು ಒಳಗಿನಿಂದ ಮುಚ್ಚುತ್ತದೆಯೇ ಎಂದು ಅವರು ನೋಡಿ ಬರಲಿ. ಮುಂಗಡ ಆಮೇಲೆ ಕೊಟ್ಟರಾಯಿತು.