ಸಂಚಿ ಬಿಡಲಾರದವರ ಪರವಾಗಿ ಒಂದು ಉತ್ತರ

ಹೊಗೆಸೊಪ್ಪಿನ ಚಟ ಮೆದುಳಿನ ಕಾಯಿಲೆ ಎಂದರೆ ನಮ್ಮ ಕಡೆ ನಗುತ್ತಾರೆ. ನಮ್ಮ ಕಡೆ ಎಂದರೆ ತಮಿಳುನಾಡಿನ ದಿಂಡುಗಲ್ಲಿನ ವೇಡಸಂದೂರು, ಅದರಾಚೆ ಕಂಬಂ ಕಣಿವೆ. ಕಪ್ಪಿಲಿಯರೂ ದೇವಾಂಗರೂ ಮನೆಯೊಳಗೆ ಇನ್ನೂ ಕನ್ನಡ ಆಡುವ ಸೀಮೆ. ವೇಡಸಂದೂರಿನಲ್ಲಿ 1948ರಿಂದ ಹೊಗೆಸೊಪ್ಪಿನ ಸಂಶೋಧನಾ ಕೇಂದ್ರವಿದೆ. ಜಗಿಯುವ ಸೊಪ್ಪಿನ ಒಳ್ಳೊಳ್ಳೆಯ ತಳಿಗಳು ಅಲ್ಲಿಂದಲೇ ಬಂದವು. ಸೊಪ್ಪನ್ನು ಇಷ್ಟು ಬಲ್ಲ ಊರು, ಅದು ತಲೆಯೊಳಗೆ ಮಾಡುವ ಕೆಲಸದ ಬಗ್ಗೆ ಮಾತ್ರ ಅದೇ ಹಳೆಯ ಮೂರ್ನಾಲ್ಕು ವಾದ ಹೂಡುತ್ತದೆ.

ಮೊದಲನೆಯದು: "ನಾವೇನು ಸೇದುತ್ತೇವೆಯೇ? ಎಲೆಯಡಿಕೆ ಜೊತೆ ಒಂದು ಚೂರು, ಅಷ್ಟೆ." ತಮಿಳಿನ ಪುಗೈಯಿಲೈ, ಕನ್ನಡದ ಹೊಗೆಸೊಪ್ಪು, ಎರಡು ಹೆಸರಲ್ಲೂ ಹೊಗೆ ಇದೆ. ಆದರೆ ಈ ಗಿಡಕ್ಕೆ ಹೊಗೆ ಬೇಕೆಂದಿಲ್ಲ. ನಿಕೋಟಿನ್ ಬಾಯಿಯ ಒಳಪದರದಿಂದಲೇ ರಕ್ತಕ್ಕೆ ಇಳಿಯುತ್ತದೆ. ಬೆರಳ ತುದಿಯ ಸುಣ್ಣದ ಕ್ಷಾರ ಅದಕ್ಕೆ ದಾರಿ ಮಾಡಿಕೊಡುತ್ತದೆ. ಬೀಡಿಗಿಂತ ನಿಧಾನವಾಗಿ ಏರುತ್ತದೆ, ನಿಜ. ಇಳಿಯುವುದೂ ನಿಧಾನ. ಅಡಿಕೆಯೂ ಸಾಧುವಲ್ಲ: ಅದು ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೇಳಿ ಎರಡು ದಶಕವಾಯಿತು.

ಎರಡನೆಯ ವಾದ ಸ್ವಲ್ಪ ಓದಿದವರದು. "ಡೋಪಮಿನ್ ಎಂದರೆ ಸುಖದ ರಸ, ಸುಖಕ್ಕಾಗಿ ಜಗಿಯುತ್ತಾರೆ, ಸುಖ ಸಾಕೆನಿಸಿದರೆ ಬಿಡುತ್ತಾರೆ." ಇಲ್ಲೇ ಎಡವಿರುವುದು. ನರವಿಜ್ಞಾನಿ ವುಲ್ಫ್ರಾಂ ಶುಲ್ಟ್ಸ್ ಕೋತಿಗಳ ಮೆದುಳಿನಲ್ಲಿ ಡೋಪಮಿನ್ ಕೋಶಗಳ ಮಿಡಿತವನ್ನು ಅಳೆದಾಗ, ಹಣ್ಣಿನ ರಸ ನಾಲಗೆಗೆ ಬಿದ್ದೊಡನೆ ಮೊದಮೊದಲು ಆ ಕೋಶಗಳು ಜೋರಾಗಿ ಮಿಡಿದವು. ರಸ ಬರುವ ಮುನ್ನ ಒಂದು ಸೂಚನೆ ಬರುತ್ತದೆಂದು ಕೋತಿ ಕಲಿತ ಮೇಲೆ ಆ ಮಿಡಿತ ಸೂಚನೆಗೇ ಜಾರಿತು. ರಸಕ್ಕೆ ಏನೂ ಉಳಿಯಲಿಲ್ಲ. ಸೂಚನೆ ಬಂದು ರಸ ಬಾರದಿದ್ದರೆ ಮಿಡಿತ ಕುಸಿಯಿತು. ಇತ್ತ ಮನೋವಿಜ್ಞಾನಿ ಕೆಂಟ್ ಬೆರಿಜ್ 'ಬೇಕು' ಬೇರೆ, 'ಹಿತ' ಬೇರೆ, ಮೆದುಳಿನಲ್ಲಿ ಎರಡರ ದಾರಿಗಳೂ ಬೇರೆ ಎಂದು ತೋರಿಸಿದರು. ನನ್ನಜ್ಜಿಗೆ ಕೊನೆಗಾಲದಲ್ಲಿ ಯಾವುದರ ರುಚಿಯೂ ಹತ್ತುತ್ತಿರಲಿಲ್ಲ. ಸೊಪ್ಪು ಹಾಕಿಕೊಂಡರೆ ಮುಖ ಸಿಂಡರಿಸುತ್ತಿದ್ದಳು. ಆದರೂ ಪಕ್ಕದ ಜಗಲಿಯಲ್ಲಿ ಯಾರೋ ಸುಣ್ಣದ ಡಬ್ಬಿಯ ಮುಚ್ಚಳ ತೆಗೆದರೆ ಸಾಕು, ಕೈ ದಿಂಬಿನಡಿಯ ಸಂಚಿಗೆ ಹೋಗುತ್ತಿತ್ತು. ಅದರಲ್ಲಿ ಹಿತ ಎಲ್ಲಿತ್ತು?

ಮೂರನೆಯವರ ಕೈಲಿ ಒಳ್ಳೆಯ ಅಸ್ತ್ರವೇ ಇದೆ, ಒಪ್ಪುತ್ತೇನೆ. "ಮನಸ್ಸು ಗಟ್ಟಿಯಿದ್ದರೆ ಬಿಡಬಹುದು. ವಿಯೆಟ್ನಾಂನಲ್ಲಿ ಹೆರಾಯಿನ್‌ಗೆ ಬಿದ್ದ ಅಮೆರಿಕದ ಸೈನಿಕರು ಊರಿಗೆ ಬಂದು ಬಿಡಲಿಲ್ಲವೇ?" ಬಿಟ್ಟರು. ಸಂಶೋಧಕಿ ಲೀ ರಾಬಿನ್ಸ್ 1970ರ ದಶಕದಲ್ಲಿ ಅವರ ಬೆನ್ನುಹತ್ತಿ ವಿಚಾರಿಸಿದರು. ಹಾಗೆ ಚಟಕ್ಕೆ ಬಿದ್ದಿದ್ದವರಲ್ಲಿ ಮರಳಿದ ಮೊದಲ ವರ್ಷ ಮತ್ತೆ ಬಿದ್ದವರು ನೂರಕ್ಕೆ ಸುಮಾರು ಐದು ಮಂದಿ. ಚಟ ಹತ್ತಿದ ಮೆದುಳು ಎಂದೆಂದಿಗೂ ಕೆಟ್ಟಿತು ಎನ್ನುವವರು ಈ ಲೆಕ್ಕದ ಮುಂದೆ ಬಾಯಿ ಮುಚ್ಚಬೇಕು. ಆದರೆ ಆ ಸೈನಿಕರು ಬಿಟ್ಟುಬಂದದ್ದು ಹೆರಾಯಿನ್ ಒಂದನ್ನೇ ಅಲ್ಲ. ಆ ಕಾಡು, ಆ ಭಯ, ಜೊತೆಗೆ ಸೇದುತ್ತಿದ್ದವರು, ಎಲ್ಲವನ್ನೂ ಸಮುದ್ರದಾಚೆ ಬಿಟ್ಟು ವಿಮಾನ ಹತ್ತಿದರು. ವೇಡಸಂದೂರಿನ ಕೂಲಿಯವನು ಯಾವ ವಿಮಾನ ಹತ್ತಬೇಕು? ಅವನು ಸೊಪ್ಪು ಕೊಯ್ಯುತ್ತಾನೆ, ಬಿಸಿಲಿಗೆ ಹರಡುತ್ತಾನೆ, ಅದರ ಘಾಟಿನಲ್ಲೇ ಉಣ್ಣುತ್ತಾನೆ. ಶುಲ್ಟ್ಸರ ಕೋತಿಗೆ ಸೂಚನೆ ಒಂದಿತ್ತು. ಇವನಿಗೆ ಊರಿಗೆ ಊರೇ ಸೂಚನೆ. ಬೀಗರ ಮನೆಯ ತಾಂಬೂಲದ ತಟ್ಟೆಯನ್ನಂತೂ ಬೇಡವೆಂದು ತಳ್ಳುವ ಹಾಗೂ ಇಲ್ಲ. ಅವನ ಮನಸ್ಸು ಸಡಿಲ ಎನ್ನುವವರು ಒಂದು ಸುಗ್ಗಿ ಅವನ ಜಾಗದಲ್ಲಿ ನಿಂತು ನೋಡಲಿ.

"ಹಾಗಾದರೆ ಮೆದುಳಿನ ಹೆಸರಲ್ಲಿ ಅವನಿಗೆ ನೆಪ ಕೊಟ್ಟಂತಾಯಿತಲ್ಲ?" ಸಕ್ಕರೆ ಕಾಯಿಲೆಯವನಿಗೆ ಇನ್ಸುಲಿನ್ ಬೇಕೆಂದರೆ ಲಡ್ಡು ತಿನ್ನಲು ನೆಪ ಕೊಟ್ಟಂತೆಯೇ? ಕಾರಣ ತಿಳಿದದ್ದರಿಂದಲೇ ಮದ್ದು ಸಿಕ್ಕಿತು. ಮೆದುಳಿನಲ್ಲಿ ನಿಕೋಟಿನ್ ಕೂರುವ ಗ್ರಾಹಕಗಳ ಮೇಲೆ ತಾನು ಕೂತು, ಅವನ್ನು ಅರೆಬರೆ ಮಾತ್ರ ಕೆರಳಿಸಿ ತಹತಹ ತಗ್ಗಿಸುವ ವರೆನಿಕ್ಲಿನ್ ಎಂಬ ಮದ್ದು ಬಂತು. ಜಗಿಯುವವರಿಗೆ ಜಗಿಯಲೆಂದೇ ನಿಕೋಟಿನ್ ಗಮ್ ಇದೆ. ಬಿಟ್ಟ ಮೊದಲ ಎರಡು ಮೂರು ದಿನದ ಸಿಡುಕು, ನಿದ್ದೆಗೇಡು ಎಲ್ಲಕ್ಕಿಂತ ಕಠಿಣ. ಕೆಲವು ವಾರಗಳಲ್ಲಿ ತಗ್ಗುತ್ತದೆ. ಆ ಮೂರು ದಿನವೇ ಮನೆಯವರು "ನಿನ್ನ ಕೈಲಾಗದು" ಎಂದು ಹಂಗಿಸುವುದು. ಬಿಡುವ ಕೆಲಸ ಅವನದೇ, ಅದನ್ನು ಯಾರೂ ಅಲ್ಲಗಳೆದಿಲ್ಲ.

ಸೊಪ್ಪು ಬೆಳೆಯುವವರ ಹೊಟ್ಟೆಪಾಡಿನ ಮಾತೂ ಎದ್ದೇ ಏಳುತ್ತದೆ. ಅದು ಬೇರೆ ಬೆಳೆ, ಬೇರೆ ಬೆಲೆಯ ಪ್ರಶ್ನೆ; ಜಗಿಯುವವನ ತಲೆಗೆ ಕಟ್ಟಬೇಡಿ.

ಮನೆಯಲ್ಲಿ ಯಾರಾದರೂ ಬಿಡಲು ಒದ್ದಾಡುತ್ತಿದ್ದರೆ ತಂಬಾಕು ಬಿಡಿಸುವ ರಾಷ್ಟ್ರೀಯ ಸಹಾಯವಾಣಿಗೆ ಫೋನ್ ಮಾಡಿಸಿ: 1800-11-2356. ಕಾಸು ಬೀಳುವುದಿಲ್ಲ. ಕನ್ನಡದಲ್ಲೂ ಮಾತಾಡುತ್ತಾರೆ, ತಮಿಳಿನಲ್ಲೂ.