ಭೀಮೆಯ ಮೀನಿಗೂ ಒಂದು ಗಾಜಿನ ತೊಟ್ಟಿ



ಮತ್ಸ್ಯಾಲಯವೆಂದರೆ ಮಕ್ಕಳಿಗೆ ಮೋಜಿನ ತಾಣ. ಶಿಕ್ಷಕನಾದವನಿಗೆ ಅದೊಂದು ಪಾಠಶಾಲೆ. ಯಾವ ಪಾಠಶಾಲೆಯ ಬಗ್ಗೆಯಾದರೂ ಮೊದಲು ಕೇಳಬೇಕಾದ ಪ್ರಶ್ನೆ, ಅಲ್ಲಿ ಏನನ್ನು ಕಲಿಸಬೇಕೆಂದು ನಿರ್ಧರಿಸುವವರು ಯಾರು ಎಂಬುದು. ಜಗತ್ತಿನ ಅನೇಕ ಮತ್ಸ್ಯಾಲಯಗಳು ಒಂದೊಂದಾಗಿ ಒಂದೇ ಕಂಪನಿಯ ಒಡೆತನಕ್ಕೆ ಸೇರುತ್ತಿರುವುದನ್ನು ಓದಿದ ಮೇಲೆ ಈ ಪ್ರಶ್ನೆಯನ್ನು ನಿಮ್ಮ ಮುಂದಿಡಬೇಕೆನಿಸಿತು. ಕಡಲಿನಿಂದ ಬಹುದೂರವಿರುವ, ನೀರಿಗಿಂತ ಬರವನ್ನೇ ಹೆಚ್ಚು ಕಂಡಿರುವ ಮಟಕಿ, ಆಳಂದದ ಕಡೆಯ ಮುದುಕನಿಗೆ ಈ ಉಸಾಬರಿ ಏಕೆಂದು ನೀವು ನಗಬಹುದು. ಕಾರಣವನ್ನು ಮುಂದೆ ಹೇಳುತ್ತೇನೆ.

ಕಳೆದ ವರ್ಷ ಎರಡು ತಿಂಗಳ ಅಂತರದಲ್ಲಿ ಎರಡು ದೇಶಗಳಿಂದ ನನಗೆ ಭಾವಚಿತ್ರಗಳು ಬಂದವು. ಬರ್ಮಿಂಗ್‌ಹ್ಯಾಮ್‌ನಲ್ಲಿರುವ ನನ್ನ ಅಣ್ಣನ ಮಗಳು ಕೆಲವನ್ನು ಕಳುಹಿಸಿದ್ದಳು. ಸಿಡ್ನಿಯಲ್ಲಿ ಇಂಜಿನಿಯರ್ ಆಗಿರುವ ನನ್ನ ಹಳೆಯ ಶಿಷ್ಯನೊಬ್ಬ ಕೆಲವನ್ನು. ಎರಡರಲ್ಲೂ ತಲೆಯ ಮೇಲೆ ಮೀನು ಈಜುವ ಗಾಜಿನ ಸುರಂಗ, ಎರಡರಲ್ಲೂ ಜೆಂಟೂ ಜಾತಿಯ ಪೆಂಗ್ವಿನ್‌ಗಳು, ಎರಡರಲ್ಲೂ ಅದೇ ನೀಲಿ ಬೆಳಕು. ಯಾವುದು ಯಾವ ಊರಿನದೆಂದು ತಿಳಿಯಲು ನಾನು ಮಕ್ಕಳ ಮುಖವನ್ನೇ ನೋಡಬೇಕಾಯಿತು. ಬರ್ಮಿಂಗ್‌ಹ್ಯಾಮ್ ಕಾಲುವೆಗಳಿಗೆ ಹೆಸರಾದ ಊರು. ಆ ಮತ್ಸ್ಯಾಲಯ ಇರುವುದೂ ಕಾಲುವೆಯ ದಂಡೆಯಲ್ಲಿಯೇ. "ಆ ಕಾಲುವೆಯಲ್ಲಿ ಯಾವ ಮೀನು ಇರುತ್ತವಮ್ಮಾ?" ಎಂದು ಕೇಳಿದೆ. "ನಾನು ಅದನ್ನು ಯೋಚಿಸಿಯೇ ಇಲ್ಲ, ಕಾಕಾ" ಎಂದಳು.

ಎರಡೂ ಚಿತ್ರಗಳು ಒಂದೇ ರೀತಿ ಇರುವುದಕ್ಕೆ ಕಾರಣ ಸರಳವಾಗಿದೆ. ಎರಡೂ ಮರ್ಲಿನ್ ಎಂಟರ್‌ಟೇನ್‌ಮೆಂಟ್ಸ್ ಎಂಬ ಕಂಪನಿಯ 'ಸೀ ಲೈಫ್' ಸರಪಳಿಗೆ ಸೇರಿದವು. ಮೇಣದ ಬೊಂಬೆಗಳ ಮೇಡಂ ಟುಸ್ಸಾಡ್ಸ್ ಕೂಡ ಇದೇ ಕಂಪನಿಯದು. 1979ರಲ್ಲಿ ಸ್ಕಾಟ್‌ಲೆಂಡಿನ ಓಬನ್ ಪಟ್ಟಣದ ಬಳಿ ಮೊದಲ ಸೀ ಲೈಫ್ ಕೇಂದ್ರ ಆರಂಭವಾದಾಗ ಅಲ್ಲಿದ್ದದ್ದು ಅಲ್ಲಿಯದೇ ಕಡಲಿನ ಜೀವಿಗಳು. ಬಳಿಕ ಸರಪಳಿ ಬೆಳೆಯಿತು. 1997ರಲ್ಲಿ ತೆರೆದಿದ್ದ ಲಂಡನ್ ಮತ್ಸ್ಯಾಲಯವನ್ನು ಮರ್ಲಿನ್ 2008ರಲ್ಲಿ ಕೊಂಡು, ಮರುವರ್ಷ ತನ್ನ ಹೆಸರಿನಲ್ಲಿ ತೆರೆಯಿತು. 2011 ಮತ್ತು 2012ರಲ್ಲಿ ಆಸ್ಟ್ರೇಲಿಯಾದ ಎರಡು ಕಂಪನಿಗಳನ್ನು ಕೊಂಡಾಗ ಸಿಡ್ನಿ, ಮೆಲ್ಬರ್ನ್, ಆಕ್ಲೆಂಡ್, ಬ್ಯಾಂಕಾಕ್, ಶಾಂಘೈ ನಗರಗಳ ಮತ್ಸ್ಯಾಲಯಗಳೂ ಅದರ ಕೈಸೇರಿದವು. 2019ರಲ್ಲಿ ಮರ್ಲಿನ್ ಕಂಪನಿಯನ್ನೇ ಸುಮಾರು 600 ಕೋಟಿ ಪೌಂಡಿನ ವ್ಯವಹಾರದಲ್ಲಿ ಲೆಗೋ ಆಟಿಕೆಯ ಕುಟುಂಬ, ಬ್ಲಾಕ್‌ಸ್ಟೋನ್ ಎಂಬ ಹೂಡಿಕೆ ಸಂಸ್ಥೆ ಹಾಗೂ ಕೆನಡಾದ ಪಿಂಚಣಿ ನಿಧಿ ಸೇರಿ ಕೊಂಡವು. ಮೀನಿನ ತೊಟ್ಟಿಯ ಮುಂದೆ ನಿಂತ ಮಗುವಿಗೂ ಆ ತೊಟ್ಟಿಯಲ್ಲಿ ಏನಿರಬೇಕೆಂದು ತೀರ್ಮಾನಿಸುವವರಿಗೂ ನಡುವೆ ಎಷ್ಟು ದೂರವಾಯಿತೆಂಬುದನ್ನು ನೀವೇ ಊಹಿಸಿಕೊಳ್ಳಿ.

ಆಕ್ಲೆಂಡಿನ ಕಥೆ ನನಗೆ ವಿಶೇಷವಾಗಿ ಕಾಡುತ್ತದೆ. ಕೆಲ್ಲಿ ಟಾರ್ಲ್‌ಟನ್ ಎಂಬಾತ ನ್ಯೂಜಿಲೆಂಡಿನ ಮುಳುಗುಗಾರ. ಮುಳುಗಿದ ಹಡಗುಗಳನ್ನು ಹುಡುಕಿ ಹೆಸರಾದವನು. ತಾನು ನೀರೊಳಗೆ ಕಂಡ ಲೋಕವನ್ನು ಸಾಮಾನ್ಯ ಜನರೂ ಕಾಣಬೇಕೆಂಬ ಹಂಬಲದಿಂದ, ಉಪಯೋಗ ನಿಂತುಹೋಗಿದ್ದ ಚರಂಡಿ ನೀರಿನ ತೊಟ್ಟಿಗಳಲ್ಲಿ ಪಾರದರ್ಶಕ ಸುರಂಗವನ್ನು ನಿರ್ಮಿಸಿದ. 1985ರ ಜನವರಿಯಲ್ಲಿ ಅದು ತೆರೆಯಿತು. ಏಳು ವಾರಗಳಲ್ಲಿ ಆತ ತೀರಿಕೊಂಡ. ಒಬ್ಬ ಮನುಷ್ಯ ತನ್ನೂರಿನ ಕಡಲಿನ ಮೇಲಿನ ಪ್ರೀತಿಯಿಂದ ಮಾಡಿದ ಆ ಸುರಂಗ ಇಂದು ಊರೂರಿನ ಮತ್ಸ್ಯಾಲಯಗಳಲ್ಲಿ ಕಡ್ಡಾಯವೆಂಬಂತೆ ಇರುವ ಒಂದು ಸಾಮಗ್ರಿ. ಸುರಂಗ ಎಲ್ಲೆಡೆ ಹರಡಿತು. ಅದರ ಹಿಂದಿದ್ದ ಪ್ರೀತಿ ಹಾಗೆ ಹರಡುವಂಥದ್ದಲ್ಲ.

ಪೆಂಗ್ವಿನ್‌ಗಳ ಸಂಗತಿಯೂ ಅಷ್ಟೇ. ಲಂಡನ್, ಬರ್ಮಿಂಗ್‌ಹ್ಯಾಮ್, ಸಿಡ್ನಿ, ಮೆಲ್ಬರ್ನ್, ಆಕ್ಲೆಂಡ್, ಬ್ಯಾಂಕಾಕ್, ಈ ಆರೂ ಊರುಗಳ ಸೀ ಲೈಫ್ ಕೇಂದ್ರಗಳಲ್ಲಿ ಜೆಂಟೂ ಪೆಂಗ್ವಿನ್‌ಗಳನ್ನು ಇರಿಸಲಾಗಿದೆ. ಕೆಲವೆಡೆ ಮರ್ಲಿನ್ ಬರುವ ಮೊದಲೇ ಇದ್ದವು. ಉಳಿದೆಡೆ ಅದು ಬಂದ ಮೇಲೆ ಬಂದವು. ಇದರಲ್ಲಿ ದುರುದ್ದೇಶವನ್ನು ಹುಡುಕಬೇಕಾಗಿಲ್ಲ. ಒಂದು ಕಡೆ ಜನರನ್ನು ಸೆಳೆದ ಪ್ರದರ್ಶನವನ್ನು ಇನ್ನೊಂದು ಕಡೆ ಇಡುವುದು ವ್ಯಾಪಾರಕ್ಕೆ ಕ್ಷೇಮ. ವಿನ್ಯಾಸ ಒಮ್ಮೆ ಮಾಡಿದರೆ ಸಾಕು, ಸಿಬ್ಬಂದಿಗೆ ಒಂದೇ ತರಬೇತಿ ಸಾಕು, ಜಾಹೀರಾತೂ ಒಂದೇ ಸಾಕು. ಸ್ಥಳೀಯ ನದಿಯ ಬೂದುಬಣ್ಣದ ಮೀನಿಗಾದರೋ ಆ ಊರಿನಲ್ಲಿಯೇ ಕುಳಿತು ಅಧ್ಯಯನ ಮಾಡುವವರು ಬೇಕು. ಅದರ ಚಿತ್ರ ಹಾಕಿದರೆ ಟಿಕೆಟ್ಟೂ ಅಷ್ಟಾಗಿ ಮಾರಾಟವಾಗದು. ಇಡೀ ರಾಜ್ಯಕ್ಕೆ ಒಂದೇ ಪ್ರಶ್ನೆಪತ್ರಿಕೆ ಬಂದಾಗ ನಮ್ಮೂರಿನ ಹಳ್ಳದ ಬಗ್ಗೆ ಪ್ರಶ್ನೆ ಬಾರದಿರುವಂತೆ, ಸರಪಳಿಯ ಮತ್ಸ್ಯಾಲಯದಲ್ಲಿ ಊರಿನ ನೀರಿಗೆ ಸ್ಥಾನ ಕಡಿಮೆಯಾಗುತ್ತದೆ. ಲಂಡನ್ನಿನಲ್ಲಿ ಪೆಂಗ್ವಿನ್‌ಗಳು 2011ರಿಂದ ಹಗಲ ಬೆಳಕು ಕಾಣದ ನೆಲಮಾಳಿಗೆಯಲ್ಲಿವೆಯೆಂದು 2025ರಲ್ಲಿ ಬ್ರಿಟನ್ನಿನ ಸಂಸತ್ ಸದಸ್ಯರೂ ಆಕ್ಷೇಪಿಸಿದರು. ಅವುಗಳನ್ನು ಚೆನ್ನಾಗಿ ನೋಡಿಕೊಳ್ಳಲಾಗುತ್ತಿದೆಯೆಂಬುದು ಕಂಪನಿಯ ಉತ್ತರ.

ಸರಪಳಿಯ ಪರವಾಗಿ ಹೇಳಬೇಕಾದ ಮಾತೂ ಇದೆ. ದೊಡ್ಡ ಕಂಪನಿಗೆ ಹಣವಿರುತ್ತದೆ, ಪಶುವೈದ್ಯರಿರುತ್ತಾರೆ. ಶಾಂಘೈಯಲ್ಲಿ ಆಟವಾಡಿಸುತ್ತಿದ್ದ ಎರಡು ಬೆಲೂಗಾ ತಿಮಿಂಗಿಲಗಳನ್ನು ಮರ್ಲಿನ್ 2019ರಲ್ಲಿ ವಿಮಾನದಲ್ಲಿ ಐಸ್‌ಲ್ಯಾಂಡಿಗೆ ಸಾಗಿಸಿ, ಕಡಲ ಕೊಲ್ಲಿಯ ಆಶ್ರಯಧಾಮಕ್ಕೆ ಒಪ್ಪಿಸಿತು. ಅಲ್ಲಿನ ಬದುಕಿಗೆ ಅವುಗಳನ್ನು ಒಗ್ಗಿಸುವುದು ಎಣಿಸಿದಷ್ಟು ಸುಲಭವಾಗಲಿಲ್ಲವೆಂಬುದು ಬೇರೆ ಮಾತು, ಪ್ರಯತ್ನವಂತೂ ಮೆಚ್ಚತಕ್ಕದ್ದು. ಸರ್ಕಾರಿ ಒಡೆತನವೆಂದ ಮಾತ್ರಕ್ಕೆ ಎಲ್ಲವೂ ಸರಿಯೆಂದೂ ಹೇಳಲಾರೆ. ಮುಂಬೈಯ ಮರೀನ್ ಡ್ರೈವ್‌ನಲ್ಲಿ ಪಾರ್ಸಿ ದಾನಿಯೊಬ್ಬರ ನೆರವಿನಿಂದ ಎದ್ದು, 1951ರಲ್ಲಿ ರಾಷ್ಟ್ರಪತಿ ರಾಜೇಂದ್ರ ಪ್ರಸಾದರಿಂದ ಉದ್ಘಾಟನೆಗೊಂಡ ತಾರಾಪೋರವಾಲಾ ಮತ್ಸ್ಯಾಲಯವನ್ನು ನಡೆಸಿದ್ದು ಸರ್ಕಾರದ ಮೀನುಗಾರಿಕೆ ಇಲಾಖೆಯೇ. ಕಟ್ಟಡ ಶಿಥಿಲವಾಗಿ ಅದರ ಬಾಗಿಲು ಮುಚ್ಚಬೇಕಾಯಿತು.

ಆದರೆ ಸರಪಳಿಗೆ ಒಂದು ವಿಶೇಷ ಅಪಾಯವಿದೆ: ಕೊಂಡಿ ಕಳಚಿದರೆ ಎಲ್ಲವೂ ಒಟ್ಟಿಗೆ ಅಲುಗಾಡುತ್ತವೆ. ಅಮೆರಿಕದ ಮಯಾಮಿಯಲ್ಲಿ 1955ರಿಂದ ಇದ್ದ ಸೀಕ್ವೇರಿಯಂ 2022ರಲ್ಲಿ ಮೆಕ್ಸಿಕೋ ಮೂಲದ ಡಾಲ್ಫಿನ್ ಕಂಪನಿಯ ಕೈಗೆ ಬಂತು. ಅನೇಕ ದೇಶಗಳಲ್ಲಿ ಇಂಥ ತಾಣಗಳನ್ನು ಹೊಂದಿದ್ದ ಆ ಕಂಪನಿ 2025ರ ಮಾರ್ಚಿನಲ್ಲಿ ದಿವಾಳಿ ಅರ್ಜಿ ಹಾಕಿತು. ಅದೇ ಅಕ್ಟೋಬರಿನಲ್ಲಿ ಸೀಕ್ವೇರಿಯಂ ಮುಚ್ಚಿತು. ಅಂಗಡಿ ಮುಚ್ಚಿದರೆ ಸಾಮಾನನ್ನು ಗೋದಾಮಿನಲ್ಲಿಡಬಹುದು. ಜೀವವಿರುವ ಪ್ರಾಣಿಯನ್ನು ಎಲ್ಲಿಡುವುದು?

ಇನ್ನೊಂದು ಅಪಾಯ ಇದಕ್ಕಿಂತ ಸೂಕ್ಷ್ಮವಾದುದು. ಸರಪಳಿಗಳು ಬೆಳೆಸಿದ ಅಭಿರುಚಿ ಸರಪಳಿಯ ಹೊರಗೂ ಹಬ್ಬುತ್ತದೆ. ನಮ್ಮ ಭಾಗದ ಎಷ್ಟೋ ಜನ ದುಡಿಯಲು ಹೋಗುವ ಮುಂಬೈಯಲ್ಲಿ, ಮಹಾನಗರಪಾಲಿಕೆಯೇ ನಡೆಸುವ ಭಾಯಖಳಾ ಮೃಗಾಲಯಕ್ಕೆ 2016ರಲ್ಲಿ ದಕ್ಷಿಣ ಕೊರಿಯಾದಿಂದ 8 ಹಂಬೋಲ್ಟ್ ಪೆಂಗ್ವಿನ್‌ಗಳನ್ನು ತರಿಸಲಾಯಿತು. ಅದೇ ವರ್ಷ ಒಂದು ಸತ್ತಿತು. ಉಳಿದವನ್ನು 2017ರಲ್ಲಿ ಜನರಿಗೆ ತೋರಿಸಲಾಯಿತು. ಯಾವ ಕಂಪನಿಯೂ ಒತ್ತಾಯಿಸಿರಲಿಲ್ಲ. ಮತ್ಸ್ಯಾಲಯ, ಮೃಗಾಲಯಗಳೆಂದರೆ ಹೀಗಿರಬೇಕು ಎಂಬ ಚಿತ್ರವೊಂದು ನಮ್ಮ ತಲೆಯಲ್ಲಿ ಆಗಲೇ ಮೂಡಿಬಿಟ್ಟಿತ್ತು.

ಬೇರೆ ದಾರಿಯೇ ಇಲ್ಲವೇ ಎಂದರೆ, ಇದೆ. ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮ ಶಿಷ್ಯರು ಮಾಂಟೆರೆಯ ಮತ್ಸ್ಯಾಲಯವನ್ನು ನೋಡಿರಬಹುದು. ಮೀನನ್ನು ಡಬ್ಬಿಗೆ ತುಂಬುತ್ತಿದ್ದ ಹಳೆಯ ಕಾರ್ಖಾನೆಯ ಜಾಗದಲ್ಲಿ, ಡೇವಿಡ್ ಮತ್ತು ಲೂಸಿಲ್ ಪ್ಯಾಕರ್ಡ್ ದಂಪತಿಗಳ ಕೊಡುಗೆಯಿಂದ 1984ರಲ್ಲಿ ತೆರೆದ ಲಾಭರಹಿತ ಸಂಸ್ಥೆ ಅದು. ಎದುರಿಗಿರುವ ಕೊಲ್ಲಿಯ ಬದುಕನ್ನೇ ತೋರಿಸಬೇಕೆಂಬುದು ಅದರ ಮೂಲ ಸಂಕಲ್ಪ. ಆ ಕೊಲ್ಲಿಯ ನೀರನ್ನೇ ಪಂಪಿನಿಂದ ಎತ್ತಿ, 28 ಅಡಿ ಎತ್ತರದ ತೊಟ್ಟಿಯಲ್ಲಿ ಅಲ್ಲಿಯದೇ ಕಡಲಕಳೆಯ ಕಾಡನ್ನು ಬೆಳೆಸಿದ್ದಾರೆ. ಊರಿನ ನೀರಿಗೆ ಜನ ಸೇರುವುದಿಲ್ಲವೆಂಬ ಮಾತು ಪೂರ್ತಿ ನಿಜವಲ್ಲವೆಂಬುದಕ್ಕೆ ಜಗತ್ಪ್ರಸಿದ್ಧವಾದ ಆ ಮನೆಯೇ ಸಾಕ್ಷಿ.

ಈಗ ನಮ್ಮ ಮಾತಿಗೆ ಬರೋಣ. ಅಫಜಲಪುರ, ಜೇವರ್ಗಿ ತಾಲ್ಲೂಕುಗಳನ್ನು ಭೀಮಾ ನದಿ ತೊಯ್ಯಿಸುತ್ತದೆ. ನಮ್ಮ ಆಳಂದದ ಅಮರ್ಜಾ ದೇವಲ ಗಾಣಗಾಪುರದ ಸಂಗಮದಲ್ಲಿ ಅದನ್ನು ಸೇರುತ್ತದೆ. ನಾನು ನದಿದಂಡೆಯ ಶಾಲೆಯೊಂದರಲ್ಲಿದ್ದಾಗ, ಅಂಬಿಗರ ಹುಡುಗನೊಬ್ಬ ಕೊಡದಲ್ಲಿ ಜೀವಂತ ಕೊರವ ಮೀನನ್ನು ತರಗತಿಗೆ ತಂದಿದ್ದ. ಅದು ಆಗಾಗ ಮೇಲೆ ಬಂದು ಗಾಳಿಯನ್ನು ನುಂಗುವುದನ್ನು ತೋರಿಸಿ, "ಸರ್, ಇದು ನಮ್ಮ ಹಾಂಗ ಉಸುರಾಡತದ್ರಿ, ಕೆಸರಿನ್ಯಾಗೂ ಬದುಕತದ್ರಿ, ಮರಿ ದೊಡ್ಡವಾಗೂತನಾ ಕಾಯ್ತದ್ರಿ" ಎಂದ. ಆತ ಹೇಳಿದ್ದು ಅಕ್ಷರಶಃ ವಿಜ್ಞಾನ. ಪಠ್ಯಪುಸ್ತಕದ ಪರೀಕ್ಷೆಯಲ್ಲಿ ಹಿಂದುಳಿಯುತ್ತಿದ್ದ ಆ ಹುಡುಗ ಅಂದು ತರಗತಿಯ ಗುರುವಾದ. ಬರದ ನಾಡಿನ ಮಕ್ಕಳಿಗೆ, ನೀರು ಬತ್ತಿದರೂ ಬದುಕುವ ಮೀನಿಗಿಂತ ದೊಡ್ಡ ಪಾಠ ಯಾವುದಿದ್ದೀತು? ಇಂದು ಆ ಹುಡುಗನ ವಯಸ್ಸಿನ ಮಕ್ಕಳು ಮೊಬೈಲಿನಲ್ಲಿ ಪೆಂಗ್ವಿನ್ನನ್ನು ಗುರುತಿಸುತ್ತಾರೆ. ಕೊರವ, ಬಾಳೆಮೀನು, ಹಾವುಮೀನು, ಚೇಳುಮೀನುಗಳನ್ನು ಗುರುತಿಸುವವರು ವಿರಳ. ಬಾಳೆಮೀನಂತೂ ಅಳಿವಿನ ಅಪಾಯಕ್ಕೆ ಸಿಲುಕಿದ ಮೀನುಗಳ ಅಂತರರಾಷ್ಟ್ರೀಯ ಪಟ್ಟಿಯನ್ನು ಸೇರಿಬಿಟ್ಟಿದೆ. ಹೆಸರೇ ಗೊತ್ತಿಲ್ಲದ ಜೀವಿ ಕಾಣೆಯಾದರೆ ಕಾಣೆಯಾಯಿತೆಂದು ದೂರು ಕೊಡುವವರು ಯಾರು?

ಬೆಂಗಳೂರಿನ ಕಬ್ಬನ್ ಉದ್ಯಾನದ ಮತ್ಸ್ಯಾಲಯ 1983ರಲ್ಲಿ ಜನರಿಗೆ ತೆರೆದದ್ದು ಮೀನುಗಾರಿಕೆ ಇಲಾಖೆಯ ಕೈಯಲ್ಲಿ. ಅದಾಗಲಿ, ಮುಂದೆ ಕಟ್ಟುವ ಯಾವುದೇ ಮತ್ಸ್ಯಾಲಯವಾಗಲಿ, ಖಾಸಗಿ ಸಹಭಾಗಿತ್ವಕ್ಕೆ ಹೋಗುವ ಕಾಲ ಬಂದರೆ ನಾನು ಕಣ್ಣುಮುಚ್ಚಿ ವಿರೋಧಿಸಲಾರೆ. ಆದರೆ ಕರಾರುಪತ್ರದಲ್ಲಿ ಕಟ್ಟಡ, ಟಿಕೆಟ್, ಲಾಭಾಂಶಗಳ ಜೊತೆಗೆ ತೊಟ್ಟಿಗಳ ಒಳಗಿನ ಮಾತೂ ಇರಬೇಕು. ಅರ್ಧದಷ್ಟು ತೊಟ್ಟಿಗಳಾದರೂ ಕೃಷ್ಣೆ, ಭೀಮೆ, ಕಾವೇರಿ, ತುಂಗಭದ್ರೆಗಳಿಗೂ ನಮ್ಮ ಕರಾವಳಿಗೂ ಮೀಸಲಿರಲಿ. ಪ್ರತಿ ಮೀನಿನ ಹೆಸರು ಮೀನುಗಾರರು ಕರೆಯುವ ಕನ್ನಡದಲ್ಲಿರಲಿ. ಏನನ್ನು ತೋರಿಸಬೇಕೆಂದು ತೀರ್ಮಾನಿಸುವ ಅಧಿಕಾರಿ ಈ ನಾಡಿನಲ್ಲಿಯೇ ಕುಳಿತಿರಲಿ. ಕಂಪನಿ ಕೈಬದಲಾದರೆ ಅಥವಾ ದಿವಾಳಿಯಾದರೆ ಪ್ರಾಣಿಗಳ ಹೊಣೆ ಯಾರದೆಂದು ಮೊದಲೇ ಬರೆದಿರಲಿ. ಸರ್ಕಾರಿ ಶಾಲೆಯ ಮಕ್ಕಳಿಗೆ ಬಾಗಿಲು ಉಚಿತವಾಗಿ ತೆರೆದಿರಲಿ. ಇಷ್ಟಕ್ಕೆ ಒಪ್ಪುವ ಕಂಪನಿ ಬಂದರೆ ಬರಲಿ, ಸ್ವಾಗತ. ಒಪ್ಪದಿದ್ದರೆ, ನಮ್ಮ ನದಿಯ ಬಗ್ಗೆ ಅದಕ್ಕೆ ಆಸಕ್ತಿಯಿಲ್ಲವೆಂದು ಮೊದಲೇ ತಿಳಿದಂತಾಯಿತು.

ನಿಮ್ಮಲ್ಲಿ ಕೆಲವರು ಅಧಿಕಾರದಲ್ಲಿದ್ದೀರಿ, ಕೆಲವರು ಶಿಕ್ಷಕರಾಗಿದ್ದೀರಿ, ಹೆಚ್ಚಿನವರು ಮಕ್ಕಳ ತಂದೆ-ತಾಯಿಗಳಾಗಿದ್ದೀರಿ. ನಿಮ್ಮಿಂದ ಒಂದು ಗುರುದಕ್ಷಿಣೆ ಕೇಳುತ್ತೇನೆ. ನಿಮ್ಮೂರಿನ ಹಳ್ಳ, ಕೆರೆ, ಹೊಳೆಗಳಲ್ಲಿ ನೀವು ಕಂಡ ಮೀನುಗಳ ಹೆಸರುಗಳನ್ನು, ನಿಮ್ಮ ಅಜ್ಜ ಅಜ್ಜಿಯರು ಕರೆಯುತ್ತಿದ್ದ ರೀತಿಯಲ್ಲಿಯೇ, ಬರೆದು ಕಳುಹಿಸಿರಿ. ಎಷ್ಟು ಹೆಸರುಗಳು ನಮ್ಮ ನಾಲಿಗೆಯಲ್ಲಿ ಇನ್ನೂ ಉಳಿದಿವೆಯೆಂದು ಲೆಕ್ಕ ಹಾಕೋಣ. ಆ ಪಟ್ಟಿ ನಮ್ಮ ಕೈಯಲ್ಲಿದ್ದರೆ, ನಾಳೆ ಯಾರು ಮತ್ಸ್ಯಾಲಯ ಕಟ್ಟಲು ಬಂದರೂ ಅವರ ಮುಂದೆ ಇಡಲು ನಮ್ಮದೆಂಬ ಒಂದು ಪಾಠವಿರುತ್ತದೆ.