ವೆಲ್ಡಿಂಗ್ ಕಲಿತರೆ ಹಣ ಪೋಲೇ?

ಅಮೆರಿಕದ ಮಾಜಿ ಸೈನಿಕರು ಸರ್ಕಾರದ ಕಲಿಕಾ ನೆರವಾದ ಜಿಐ ಬಿಲ್ ಹಣವನ್ನು ವೆಲ್ಡಿಂಗ್, ಪ್ಲಂಬಿಂಗ್‌ಗೆ ಸುರಿಯುವುದು ದುಂದು, ಅದು ಪದವಿಗೆಂದೇ ಇಟ್ಟ ಗಂಟು ಎಂದು ಕಳೆದ ಸಂಚಿಕೆಯ ಲೇಖಕರು ಅಪ್ಪಣೆ ಕೊಡಿಸಿದ್ದಾರೆ. ಯಾರು ಹೇಳಿದ್ದು? 1944ರ ಮೂಲ ಕಾಯ್ದೆಯಡಿ ಕಾಲೇಜು ಸೇರಿದವರು ಸುಮಾರು 22 ಲಕ್ಷ. ಕಸುಬು ಮತ್ತಿತರ ತರಬೇತಿ ಪಡೆದವರು ಅದರ ದುಪ್ಪಟ್ಟಿಗೂ ಹೆಚ್ಚು. 2009ರಲ್ಲಿ ಜಾರಿಗೆ ಬಂದ ಹೊಸ ಯೋಜನೆ ಕಸುಬಿನ ಶಾಲೆಗಳನ್ನು ಹೊರಗಿಟ್ಟಿದ್ದು ನಿಜ. 2011ರಲ್ಲಿ ಅದನ್ನು ತಿದ್ದಿಯಾಯಿತು. ಲೇಖಕರು ಮಾತ್ರ ಇನ್ನೂ ಅಲ್ಲೇ ನಿಂತಿದ್ದಾರೆ.

ಅಪ್ರೆಂಟಿಸ್ ಲೆಕ್ಕವನ್ನೇ ನೋಡಿ. ಪೂರ್ಣ ಅರ್ಹತೆಯಿದ್ದವರಿಗೆ ಮೊದಲ ಆರು ತಿಂಗಳು ವಸತಿ ಭತ್ಯೆ ಇಡಿಯಾಗಿ ಸಿಗುತ್ತದೆ. ಆಮೇಲೆ ಆರಾರು ತಿಂಗಳಿಗೊಮ್ಮೆ ಶೇ 80, 60, 40 ಎಂದು ಇಳಿಯುತ್ತದೆ. ಅಷ್ಟರಲ್ಲಿ ಸಂಬಳ ಏರುತ್ತಿರುತ್ತದೆ. ಹೌದು, ಕಲಿಯುತ್ತಲೇ ಸಂಬಳ. ಪುಸ್ತಕ, ಸಲಕರಣೆಗೆ ತಿಂಗಳಿಗೆ 83 ಡಾಲರ್‌ವರೆಗೆ ಬೇರೆ. (ಒಳ್ಳೆಯ ವೆಲ್ಡಿಂಗ್ ಹೆಲ್ಮೆಟ್‌ಗೆ ಅದು ಸಾಲದು, ಬಿಡಿ.)

ಮೋಸದ ತರಬೇತಿ ಶಾಲೆಗಳಿವೆಯಲ್ಲ ಎನ್ನುತ್ತಾರೆ. ಇವೆ. ಆದರೆ ಸೈನಿಕರ ಹಣಕ್ಕೆ ಬಲೆ ಬೀಸಿದ ಲಾಭಕೋರ ಸಂಸ್ಥೆಗಳಲ್ಲಿ ಪದವಿ ಮಾರುತ್ತಿದ್ದವೂ ಇದ್ದವು. ಅಷ್ಟಕ್ಕೇ ಪದವಿಯೇ ಬೇಡ ಎಂದುಬಿಡೋಣವೇ?

ಅಂದಹಾಗೆ, ಪೂರ್ಣ ಹಕ್ಕು 36 ತಿಂಗಳದ್ದು. ಒಂದು ವರ್ಷದ ಕೋರ್ಸ್ ಮುಗಿಸಿದವರಿಗೆ ಸಾಮಾನ್ಯವಾಗಿ ಇನ್ನೂ ಬಾಕಿ ಉಳಿದಿರುತ್ತದೆ. ಮುಂದೆ ಪದವಿ ಬೇಕೆನಿಸಿದರೆ ಅದಕ್ಕೂ ಬಳಸಬಹುದು. ಲೇಖಕರು ಇದರ ಸೊಲ್ಲೇ ಎತ್ತಿಲ್ಲ.